ಫೋರ್ ವೀಲ್ ಪಿಕಪ್: ತಿರುವಿನಲ್ಲಿ ಕಟಕಟ, ನೇರ ರಸ್ತೆಯಲ್ಲಿ ಗುಂಯ್ ಸದ್ದು. ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಲೇಬೇಕೆ?

ಪ್ರಶ್ನೆ: ಸಂಡೂರು ಪಿಕಪ್

ಎಲ್ಲರಿಗೂ ನಮಸ್ಕಾರ. ನನ್ನದು 1.4 ಲಕ್ಷ ಕಿಲೋಮೀಟರ್ ಓಡಿರುವ, ಮುಂದಿನ ಗಾಲಿಗಳನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ ಹಬ್ಬನ್ನು ಕೈಯಿಂದ ಲಾಕ್ ಮಾಡುವ ಹಳೆಯ ಮಾದರಿಯ ಫೋರ್ ವೀಲ್ ಡ್ರೈವ್ ಡೀಸೆಲ್ ಪಿಕಪ್. ಸಂಡೂರಿನ ಗುಡ್ಡದ ಕೆಲಸಗಳಿಗೆ ಪೈಪು, ಸಿಮೆಂಟು ಸಾಗಿಸುತ್ತೇನೆ. ಮಳೆ ಬಿದ್ದರೆ ಏರಿನಲ್ಲಿ ಹಿಂದಿನ ಗಾಲಿಗಳು ಜಾರುವುದರಿಂದ ಫೋರ್ ಹೈ (ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ) ಹಾಕದೆ ಹತ್ತುವಂತಿಲ್ಲ.

ಒಂದು ತಿಂಗಳಿನಿಂದ ಎರಡು ಬಗೆಯ ಸದ್ದು ಬರುತ್ತಿದೆ. ಗುಡ್ಡ ಇಳಿದು ತೋರಣಗಲ್ಲಿನ ಕಡೆಯ ಡಾಂಬರು ರಸ್ತೆಗೆ ಬಂದು ತಿರುಗಿಸುವಾಗ ಕೆಳಗಿನಿಂದ ಕಟಕಟ ಎಂದು ಬಡಿದು, ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಗಾಡಿ ಬಿಗಿಯುತ್ತದೆ. ಲಿವರನ್ನು ಟೂ ಹೈಗೆ (ಹಿಂದಿನ ಎರಡು ಗಾಲಿಗೆ ಮಾತ್ರ ಶಕ್ತಿ) ತರಲು ಹೋದರೆ ಅದು ಬರುವುದೇ ಇಲ್ಲ. ಇನ್ನೊಂದು, ಟೂ ಹೈನಲ್ಲಿ 50 ಕಿಲೋಮೀಟರ್ ವೇಗ ದಾಟಿದ ಮೇಲೆ ಮುಂದಿನಿಂದ ಕೇಳುವ ಗುಂಯ್ ಎಂಬ ಸದ್ದು. ಗ್ಯಾರೇಜಿನವರು ಗಾಡಿಯನ್ನು ಓಡಿಸಿ ನೋಡದೆಯೇ, ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಚೈನು ಹೋಗಿದೆ, ಪೂರ್ತಿ ಬಿಚ್ಚಬೇಕು ಎಂದಿದ್ದಾರೆ. ಎಣ್ಣೆ ತೆಗೆದಾಗ ಕೆಂಪು ಪುಡಿ ಬಿದ್ದದ್ದನ್ನು ತೋರಿಸಿ, ಇದು ಒಳಗಿನ ಲೋಹ ಸವೆದ ಪುಡಿ ಎಂದರು. ಒಪ್ಪಿಕೊಳ್ಳಬೇಕೆ?

ಉತ್ತರ 1: ಬಳ್ಳಾರಿ ಮಿಸ್ತ್ರಿ

ಸರ್, ಸದ್ಯಕ್ಕೆ ಏನನ್ನೂ ಬಿಚ್ಚಿಸಬೇಡಿ. ನೀವು ಹೇಳಿದ ಎರಡು ಸದ್ದುಗಳು ಬೇರೆ ಬೇರೆ ಸಂದರ್ಭದಲ್ಲಿ ಬರುತ್ತಿರುವುದರಿಂದ ಅವುಗಳಿಗೆ ಒಂದೇ ಕಾರಣ ಇರಲಾರದು.

ಮೊದಲನೆಯದು ಬಹುಮಟ್ಟಿಗೆ ರೋಗವಲ್ಲ, ಬಳಕೆಯ ತಪ್ಪು. ಇಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸಕ್ಕೆ ಅವಕಾಶ ಕೊಡುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡಬೇಕಾಗುತ್ತದೆ, ಆದರೆ ಫೋರ್ ಹೈನಲ್ಲಿ ಎರಡೂ ಶಾಫ್ಟ್‌ಗಳು ಒಂದಕ್ಕೊಂದು ಕಟ್ಟಿಕೊಂಡು ಒಂದೇ ವೇಗದಲ್ಲಿ ತಿರುಗುತ್ತಿರುತ್ತವೆ. ಕೆಸರಿನಲ್ಲಾದರೆ ಟೈರು ಸ್ವಲ್ಪ ಜಾರಿ ಈ ವ್ಯತ್ಯಾಸ ತೀರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಆಸ್ಪದವಿಲ್ಲದ ಕಾರಣ ಆ ಬಿಗಿತ ಶಾಫ್ಟು, ಕ್ರಾಸು (ಶಾಫ್ಟಿನ ಕೀಲು), ಚೈನುಗಳಲ್ಲಿ ಸೇರಿಕೊಂಡು ಕೊನೆಗೆ ಟೈರು ಒಮ್ಮೆಲೇ ಜಿಗಿದಾಗ ಬಡಿದ ಸದ್ದಾಗುತ್ತದೆ. ಲಿವರು ಸಿಕ್ಕಿಕೊಳ್ಳುವುದೂ ಇದರಿಂದಲೇ. ಒಂದೆರಡು ಮೀಟರ್ ರಿವರ್ಸ್ ತೆಗೆದುಕೊಳ್ಳಿ, ಸಲೀಸಾಗಿ ಬರುತ್ತದೆ.

ನಾಲ್ಕೂ ಟೈರುಗಳು ಸಮಾನವಾಗಿ ಸವೆದಿವೆಯೇ ಎಂಬುದನ್ನೂ ನೋಡಿ, ವ್ಯತ್ಯಾಸವಿದ್ದರೂ ಇದೇ ಬಿಗಿತ ಬರುತ್ತದೆ. ಮುಂದಿನ ಮತ್ತು ಹಿಂದಿನ ಟೈರುಗಳ ಮೇಲೆ ಸುಣ್ಣದ ಗುರುತು ಹಾಕಿ, ಸಮತಟ್ಟಾದ ಜಾಗದಲ್ಲಿ ಟೂ ಹೈನಲ್ಲಿ ನೇರವಾಗಿ ಹತ್ತು ಸುತ್ತು ಉರುಳಿಸಿ, ಎರಡೂ ಕ್ರಮಿಸಿದ ದೂರವನ್ನು ಟೇಪಿನಲ್ಲಿ ಅಳೆಯಿರಿ.

ಎರಡನೆಯ ಸದ್ದಿಗೆ ಹಬ್ ಪರೀಕ್ಷಿಸಿ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಹಬ್ಬನ್ನು ಫ್ರೀ ಮಾಡಿ, ಒಂದು ಬದಿಯ ಮುಂದಿನ ಗಾಲಿಯನ್ನು ಮಾತ್ರ ಜಾಕ್ ಹಾಕಿ ಎತ್ತಿ ಕೈಯಿಂದ ತಿರುಗಿಸಿ. ಗಾಲಿಯ ಜೊತೆ ಒಳಗಿನ ಆಕ್ಸಲ್ ಶಾಫ್ಟೂ ತಿರುಗಿದರೆ ಆ ಬದಿಯ ಹಬ್ ಬಿಟ್ಟಿಲ್ಲ ಎಂದರ್ಥ. ಇನ್ನೊಂದು ಬದಿಯನ್ನೂ ಹಾಗೆಯೇ ನೋಡಿ. ಸ್ಟಿಯರಿಂಗನ್ನು ಸ್ವಲ್ಪ ಎಡಕ್ಕೂ ಬಲಕ್ಕೂ ತೂಗಿದಾಗ ಗುಂಯ್ ಸದ್ದು ಏರಿಳಿದರೆ ವೀಲ್ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಆಕ್ಸಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಕೇಳಿದರೆ ಆಕ್ಸಲ್ ಒಳಗಿನ ಹಲ್ಲುಚಕ್ರಗಳಾದ ಕ್ರೌನ್ ಪಿನಿಯನ್ ಮೇಲೆ.

ಕೆಂಪು ಪುಡಿಯ ವಿಷಯಕ್ಕೆ ಬಂದರೆ, ನಮ್ಮ ಕಡೆ ಅದರಿಂದ ಮೋಸ ಹೋದವರು ಬಹಳ. ಸಂಡೂರಿನ ಕಬ್ಬಿಣದ ಅದಿರು ಹೆಚ್ಚಾಗಿ ಹೆಮಟೈಟ್. ಅದರ ಧೂಳು ಡ್ರೈನ್ ಬೋಲ್ಟಿನ ಸುತ್ತ ಗಟ್ಟಿಯಾಗಿ ಕೂತಿರುತ್ತದೆ, ಒರೆಸದೆ ಬಿಚ್ಚಿದರೆ ಎಣ್ಣೆಯ ಜೊತೆ ತಟ್ಟೆಗೇ ಬೀಳುತ್ತದೆ. ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆ ಎಣ್ಣೆಯಲ್ಲಿ ಆಡಿಸಿ. ಉಕ್ಕು ಸವೆದಿದ್ದರೆ ಹೊಳೆಯುವ ಚೂರುಗಳು ಮೀಸೆಯಂತೆ ನಿಮಿರಿ ಅಂಟಿಕೊಳ್ಳುತ್ತವೆ. ಹೆಮಟೈಟಿನ ಧೂಳು ಅಷ್ಟಾಗಿ ಅಂಟದೆ ತಳದಲ್ಲೇ ಉಳಿಯುತ್ತದೆ. ನುಣ್ಣನೆಯ ಬೂದು ಲೇಪ ಸ್ವಲ್ಪ ಕಂಡರೆ ಅದು ಸಹಜ ಸವೆತ, ಗಾಬರಿ ಬೇಡ.

ಉತ್ತರ 2: ಸಿಂಧನೂರು ಗದ್ದೆ

ಮಿಸ್ತ್ರಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಎರೆ ಮಣ್ಣು ಗಾಲಿಯ ಡಿಸ್ಕಿನ ಒಳಮೈಗೆ ಮೆತ್ತಿಕೊಂಡು ಒಣಗಿದರೆ ಗಾಲಿಯ ತೂಕದ ಸಮತೋಲ ತಪ್ಪಿ ಗಾಡಿ ಪೂರ್ತಿ ನಡುಗುತ್ತದೆ. ಹೋದ ವರ್ಷ ನಾನು ಕ್ರಾಸು ಹೋಗಿದೆ ಎಂದೇ ನಂಬಿ ಹೊಸ ಕ್ರಾಸು ಹಾಕಿಸಿದೆ. ನಡುಕ ನಿಂತದ್ದು ಕಾಲುವೆಯ ಪಕ್ಕ ಗಾಡಿ ತೊಳೆದು, ಒಳಗಿನಿಂದ ಅಂಗೈ ದಪ್ಪದ ಹೆಂಟೆಯನ್ನು ಸಲಾಕೆಯಿಂದ ಕಿತ್ತ ಮೇಲೆ. ಹಾಗೆಯೇ ಟ್ರಾನ್ಸ್‌ಫರ್ ಕೇಸಿನ ಬ್ರೀದರ್ (ಗಾಳಿಯಾಡುವ ರಂಧ್ರ) ಮಣ್ಣಿನಿಂದ ಮುಚ್ಚಿಲ್ಲವೇ ನೋಡಿ. ಅದು ಮುಚ್ಚಿದ್ದರೆ, ಬಿಸಿಯಾದ ಕೇಸು ನೀರಿಗಿಳಿದು ತಣ್ಣಗಾದಾಗ ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ತಿಳಿಯಿರಿ.

ಮರುಉತ್ತರ: ಸಂಡೂರು ಪಿಕಪ್

ಇಬ್ಬರಿಗೂ ಧನ್ಯವಾದಗಳು. ಭಾನುವಾರ ಎಲ್ಲವನ್ನೂ ನೋಡಿದೆ. ಹತ್ತು ಸುತ್ತಿಗೆ ಮುಂದಿನ ಟೈರು ಸುಮಾರು 22 ಮೀಟರ್ ಹೋದರೆ ಹಿಂದಿನದು ಅದಕ್ಕಿಂತ 28 ಸೆಂಟಿಮೀಟರ್ ಕಡಿಮೆ ಹೋಗುತ್ತದೆ. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಹನ್ನೆರಡು ಮೀಟರಿಗಿಂತ ಹೆಚ್ಚಿನ ವ್ಯತ್ಯಾಸ. ದೀಪಾವಳಿಗೆ ಮುಂದಿನ ಎರಡೇ ಟೈರು ಹೊಸದು ಹಾಕಿಸಿದ್ದು ಈಗ ನೆನಪಾಗುತ್ತಿದೆ. ಬಲಗಡೆಯ ಹಬ್ಬಿನ ತಿರುಪು ಫ್ರೀ ಗುರುತಿಗೆ ಪೂರ್ತಿ ಬರುತ್ತಿರಲಿಲ್ಲ, ಒಳಗೆ ಕೆಂಪು ಧೂಳು ಗ್ರೀಸಿನೊಂದಿಗೆ ಕಲೆತು ಇಟ್ಟಿಗೆಯಂತಾಗಿತ್ತು. ಬಿಚ್ಚಿ ತೊಳೆದು ಹೊಸ ಗ್ರೀಸ್ ಹಾಕಿದ ಮೇಲೆ 70ರ ವೇಗದಲ್ಲೂ ಗುಂಯ್ ಸದ್ದಿಲ್ಲ. ಆಯಸ್ಕಾಂತಕ್ಕೆ ಬೂದು ಲೇಪ ಬಿಟ್ಟರೆ ಏನೂ ಅಂಟಲಿಲ್ಲ.

ಒಂದು ಮಾತ್ರ ಉಳಿದಿದೆ. ಟೂ ಹೈನಲ್ಲಿ, ಹಬ್ ಬಿಟ್ಟಿರುವಾಗ ಯಾವ ಸದ್ದೂ ಇಲ್ಲ; ಆದರೆ ಗುಡ್ಡದ ಕೆಸರಿನಲ್ಲಿ ಫೋರ್ ಹೈ ಹಾಕಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಬಲಗಾಲಿಯ ಬಳಿ ಸಣ್ಣಗೆ ಟಿಕ್ ಟಿಕ್ ಎನ್ನುತ್ತದೆ.

ಉತ್ತರ 3: ಬಳ್ಳಾರಿ ಮಿಸ್ತ್ರಿ

ಅದು ಹೊರಗಿನ ಸಿ.ವಿ. ಜಾಯಿಂಟ್ (ಗಾಲಿ ಹೊರಳಿದಾಗಲೂ ಅದಕ್ಕೆ ಶಕ್ತಿ ಒಯ್ಯುವ ಆಕ್ಸಲ್ ಶಾಫ್ಟಿನ ಕೀಲು) ಇರಬೇಕು. ಗಾಲಿ ತಿರುಗಿಸಿಟ್ಟು ಅದರ ರಬ್ಬರ್ ಬೂಟಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ. ಸೀಳಿದ್ದರೆ ಡಿಸ್ಕಿನ ಒಳಬದಿಗೆ ಗ್ರೀಸ್ ಸಿಡಿದಿರುತ್ತದೆ. ಒಳಗೆ ಧೂಳು ಹೋಗಿ ಸದ್ದು ಶುರುವಾಗಿದ್ದರೆ ಬೂಟು ಮಾತ್ರ ಬದಲಿಸಿ ಹೆಚ್ಚು ದಿನ ತಳ್ಳಲಾಗದು, ಜಾಯಿಂಟನ್ನೇ ಬದಲಿಸಬೇಕಾಗುತ್ತದೆ. ಫೋಟೋ ಹಾಕಿ, ನೋಡೋಣ.