ಟ್ರೆಡ್‌ಮಿಲ್ ಹತ್ತಿದರೆ ಅಪಘಾತವೇ ಕಣ್ಣಮುಂದೆ ಬರುತ್ತದೆ. ವ್ಯಾಯಾಮ ಬಿಡಬೇಕೇ?

ಪ್ರಶ್ನೆ: ನಮಸ್ಕಾರ ಮೇಡಂ. ಒಂದೂವರೆ ವರ್ಷದ ಹಿಂದೆ ನಾನಿದ್ದ ಕಾರಿಗೆ ಲಾರಿ ಗುದ್ದಿತು. ಗಾಯ ಮಾಸಿದೆ. ಪಿಟಿಎಸ್‌ಡಿಗೆ, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಗೆ, ಥೆರಪಿ ನಡೆಯುತ್ತಿದೆ, ಅದಕ್ಕೆಂದೇ ಸರ್ಟ್ರಾಲಿನ್ ಮಾತ್ರೆಯೂ ಇದೆ. ಮೈಗೆ ಸ್ವಲ್ಪ ವ್ಯಾಯಾಮ ಬೇಕು ಅಂತ ಡಾಕ್ಟರು ಹೇಳಿದ್ದಕ್ಕೆ ಹೋದ ವಾರ ಟ್ರೆಡ್‌ಮಿಲ್ ಹತ್ತಿದೆ. ನಾಲ್ಕೇ ನಿಮಿಷ. ಎದೆ ಢವಢವ ಅನ್ನತೊಡಗಿತು, ಉಸಿರು ಕಟ್ಟಿತು, ನೋಡನೋಡುತ್ತಲೇ ಮತ್ತೆ ಅದೇ ಕಾರಿನೊಳಗಿದ್ದೆ. ಗಾಜು ಒಡೆದ ಸದ್ದೂ ಕೇಳಿಸಿತು. ಹೇಗೋ ಇಳಿದು ಗೋಡೆಗೆ ಒರಗಿ ಕೂತೆ. ಆಮೇಲೆ ಆ ಕಡೆ ತಲೆ ಹಾಕಿಲ್ಲ. ನನ್ನಂಥವರಿಗೆ ವ್ಯಾಯಾಮ ಆಗಿಬರುವುದಿಲ್ಲವೇ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಖಂಡಿತ ಆಗಿಬರುತ್ತದೆ. ಶುರು ಮಾಡಿದ್ದು ತುಸು ಜೋರಾಯಿತು, ಅಷ್ಟೇ. ಅಪಘಾತದ ದಿನ ನಿಮ್ಮ ಎದೆ ಬಡಿದುಕೊಂಡಿತ್ತು, ಏದುಸಿರು ಬಂದಿತ್ತು, ಅಂಗೈ ಬೆವರಿತ್ತು. ಟ್ರೆಡ್‌ಮಿಲ್ ಮೇಲೂ ಬಂದದ್ದು ಅವೇ. ಹೆದರಿದ ಮೆದುಳಿಗೆ ಓಟದ ಎದೆಬಡಿತ ಯಾವುದು, ಅಪಾಯದ ಎದೆಬಡಿತ ಯಾವುದು ಎಂಬ ವ್ಯತ್ಯಾಸ ಆ ಗಳಿಗೆಯಲ್ಲಿ ತಿಳಿಯುವುದಿಲ್ಲ. ಅದನ್ನು ತಿಳಿಸಿಕೊಡಲು ವ್ಯಾಯಾಮವೇ ಒಳ್ಳೆಯ ದಾರಿ, ಆದರೆ ಗುಟುಕು ಗುಟುಕಾಗಿ.

ಮೊದಲು, ನಡೆದದ್ದನ್ನು ಮುಂದಿನ ಸಲ ನಿಮ್ಮ ಥೆರಪಿಸ್ಟ್‌ಗೆ ಹೇಳಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿದ್ದರೆ ಡಾಕ್ಟರ ಒಪ್ಪಿಗೆಯೂ ಇರಲಿ. ಆಮೇಲೆ ಐದು ನಿಮಿಷ ನಡೆಯಿರಿ, ಪಕ್ಕದವರೊಡನೆ ಮಾತಾಡಿಕೊಂಡು ಹೋಗುವಷ್ಟು ವೇಗ ಸಾಕು. ಬಾಗಿಲು ಕಣ್ಣಿಗೆ ಬೀಳುವ ಕಡೆ ಇರಿ, ಇಯರ್‌ಫೋನ್ ಬೇಡ. ಐದು ನಿಮಿಷ ಮುಗಿದ ಮೇಲೆ ಕೂತುಬಿಡಬೇಡಿ. ಇನ್ನೂ ಮೂರು ನಿಮಿಷ ಹೆಜ್ಜೆ ನಿಧಾನ ಮಾಡುತ್ತಾ, ಎದೆಯ ಮೇಲೆ ಕೈಯಿಟ್ಟು, ಬಡಿತ ಇಳಿಯುವುದನ್ನು ಗಮನಿಸಿ. ನನ್ನ ಮಟ್ಟಿಗೆ ಉಳಿದದ್ದೆಲ್ಲ ಈ ಮೂರು ನಿಮಿಷಕ್ಕಾಗಿ. ಏರಿದ ಬಡಿತ ತಾನಾಗಿಯೇ ಇಳಿಯುತ್ತದೆ, ಏನೂ ಕೆಟ್ಟದ್ದು ಆಗುವುದಿಲ್ಲ ಎಂಬುದು ಮೈಗೆ ಗೊತ್ತಾಗಬೇಕು. ಬಾಯಿಮಾತಿನ ಸಮಾಧಾನದಿಂದ ಅದು ಆಗುವ ಕೆಲಸವಲ್ಲ.

ನಡುವೆ ಆ ದೃಶ್ಯ ಬಂದರೆ ಕಣ್ಣು ಮುಚ್ಚಬೇಡಿ. ನಿಂತು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಎದುರಿನ ಗೋಡೆಯ ಬಣ್ಣ ಯಾವುದು, ಇವತ್ತು ಯಾವ ವಾರ ಎಂದು ಗಟ್ಟಿಯಾಗಿ ಹೇಳಿಕೊಳ್ಳಿ. ಅವತ್ತಿಗೆ ಅಷ್ಟೇ ಆದರೂ ಆಗಲಿ. ಎದೆನೋವು, ತಲೆಸುತ್ತು ಬಂದರೆ ಮಾತ್ರ ಭಯವೆಂದು ತಳ್ಳಿಹಾಕದೆ ಡಾಕ್ಟರಿಗೆ ತೋರಿಸಿ.

ವಾರಕ್ಕೆ ಕನಿಷ್ಠ 150 ನಿಮಿಷ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನಿಮಗೆ ಮುಂದಿನ ಮಾತು. ಪಿಟಿಎಸ್‌ಡಿಗೆ ಆಸ್ಪತ್ರೆ ಸೇರಿದ್ದ 81 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಕೆಲವರಿಗೆ ಎಂದಿನ ಚಿಕಿತ್ಸೆ, ಕೆಲವರಿಗೆ ಅದರ ಜೊತೆ 12 ವಾರ ವ್ಯಾಯಾಮ: ವಾರಕ್ಕೆ ಮೂರು ಸಲ ಅರ್ಧ ಗಂಟೆ ಸ್ನಾಯು ಬಲಪಡಿಸುವ ಕಸರತ್ತು ಮತ್ತು ನಡಿಗೆ. ಹೆಚ್ಚು ಸುಧಾರಿಸಿದ್ದು ಎರಡನೆಯವರು. ಅವರಿಗೂ ವ್ಯಾಯಾಮ ಚಿಕಿತ್ಸೆಯ ಜೊತೆಗಿತ್ತೇ ಹೊರತು ಅದರ ಬದಲಿಗಲ್ಲ ಎಂಬುದನ್ನು ಮರೆಯಬೇಡಿ.

ಇನ್ನೊಬ್ಬರು: ನಮ್ಮ ಯಜಮಾನರದ್ದು ಇದಕ್ಕೆ ತದ್ವಿರುದ್ಧ. ದಿನಾ ಎರಡು ಗಂಟೆ ಓಡುತ್ತಾರೆ. ಓಟವೇ ನನ್ನ ಔಷಧಿ ಅಂತ ಥೆರಪಿ ಬಿಟ್ಟುಬಿಟ್ಟರು.

ಉತ್ತರ: ಓಡಲಾಗದ ದಿನ ಅವರು ಹೇಗಿರುತ್ತಾರೆ ನೋಡಿ. ಕಾಲು ಉಳುಕಿದ್ದರೂ ಓಡುತ್ತಾರೆಯೇ? ತಪ್ಪಿದ ದಿನ ಸಣ್ಣದಕ್ಕೂ ಸಿಡಿಮಿಡಿ, ರಾತ್ರಿ ನಿದ್ದೆಯಿಲ್ಲವೇ? ಹಾಗಿದ್ದರೆ ಓಟ ಅವರಿಗೆ ಅಡಗಿಕೊಳ್ಳುವ ಜಾಗವಾಗಿರಬಹುದು. ನೆನಪಿನಿಂದ ತಪ್ಪಿಸಿಕೊಂಡಷ್ಟೂ ಈ ಕಾಯಿಲೆ ಬೇರು ಬಿಡುತ್ತದೆ. ಓಟ ನಿಲ್ಲಿಸಿ ಎನ್ನಬೇಡಿ ಅಮ್ಮಾ, ಸದ್ಯಕ್ಕೆ ಅವರು ಹಿಡಿದು ನಿಂತಿರುವುದೇ ಅದನ್ನು. ಓಟ ಇರಲಿ, ವಾರಕ್ಕೊಂದು ಗಂಟೆ ಥೆರಪಿಗೂ ಕೊಡಿ, ಬೇಕಾದರೆ ನಾನೂ ಜೊತೆಗೆ ಬರುತ್ತೇನೆ ಎಂದು ಕೇಳಿ ನೋಡಿ.

ಮತ್ತೊಬ್ಬರು: ಯೋಗ ತರಗತಿಯಲ್ಲಿ ಶವಾಸನ ಬಂದರೆ ನನಗೆ ಜೀವವೇ ಹೋದಂತಾಗುತ್ತದೆ. ಉಳಿದ ಆಸನಗಳೆಲ್ಲ ಇಷ್ಟ.

ಉತ್ತರ: ಕಣ್ಣು ಮುಚ್ಚಿ, ಅಂಗಾತ ಮಲಗಿ, ಹಿಂದೆ ಯಾರು ಓಡಾಡುತ್ತಿದ್ದಾರೋ ತಿಳಿಯದೆ ಇರುವುದು ಆಘಾತ ಉಂಡವರಿಗೆ ನಿಜಕ್ಕೂ ಕಷ್ಟ. ಆ ಹೊತ್ತು ಗೋಡೆಗೆ ಬೆನ್ನು ಕೊಟ್ಟು, ಕಣ್ಣು ತೆರೆದೇ ಕೂತಿರಿ. ಕೇಳದೆ ಮೈ ಮುಟ್ಟಿ ಆಸನ ತಿದ್ದಬೇಡಿ ಅಂತ ಶಿಕ್ಷಕರಿಗೆ ಮೊದಲೇ ಹೇಳಿಡಿ. ಕಾರಣ ಕೊಡಬೇಕಾಗಿಲ್ಲ.