ಶಾಲಾ ಕೈತೋಟವನ್ನು ಎಲ್ಲ ವಿಷಯಗಳ ಪಾಠಕ್ಕೂ ಬಳಸುವುದು ಹೇಗೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಿಂಬದಿಯಲ್ಲಿ ಒಂದು ಗುಂಟೆಯಷ್ಟು ಕೈತೋಟವಿದೆ. ಅಲ್ಲಿ ಬೆಳೆದ ನುಗ್ಗೆ, ಕರಿಬೇವು, ದಂಟಿನ ಸೊಪ್ಪು ಬಿಸಿಯೂಟದ ಸಾರಿಗೆ ಹೋಗುತ್ತವೆ. ಆದರೆ ಮಕ್ಕಳು ತೋಟಕ್ಕೆ ಇಳಿಯುವುದು ನನ್ನ ಅವಧಿಯಲ್ಲಿ ಮಾತ್ರ. ಪರಿಸರ ಶಿಕ್ಷಣವು ಎಲ್ಲ ವಿಷಯಗಳಲ್ಲೂ ಬೆರೆತಿರಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಆಶಯವಾದರೂ, ಪಾಠ ಹಿಂದೆ ಬೀಳುತ್ತದೆಂದು ಸಹೋದ್ಯೋಗಿಗಳು ಹಿಂಜರಿಯುತ್ತಾರೆ. ಅವರ ಆತಂಕ ಹುರುಳಿಲ್ಲದ್ದೆಂದು ನಾನು ಹೇಳಲಾರೆ. ಗಣಿತ, ಕನ್ನಡ, ಸಮಾಜ ವಿಜ್ಞಾನದವರಿಗೆ ಹೊರೆಯಾಗದಂತೆ ತೋಟವನ್ನು ಬಳಸುವ ದಾರಿ ಯಾವುದು?

ಉತ್ತರ: ಗಣಿತ ಶಿಕ್ಷಕ, ದಾವಣಗೆರೆ

ಮೇಡಂ, ತೋಟಕ್ಕೆಂದು ಬೇರೆ ಅವಧಿ ಕೇಳಬೇಡಿ. ಪಠ್ಯದಲ್ಲಿರುವ ಲೆಕ್ಕವನ್ನೇ ಅಲ್ಲಿ ಮಾಡಿಸಲು ಹೇಳಿ. ಉದ್ದ 33 ಅಡಿ, ಅಗಲ 33 ಅಡಿ ಇರುವ ನೆಲ ಒಂದು ಗುಂಟೆ. ರೈತರ ಮಕ್ಕಳು ಗುಂಟೆಯೆಂಬ ಮಾತನ್ನು ಕೇಳಿರುತ್ತಾರೆ, ಅಳೆದಿರುವುದಿಲ್ಲ. ಹಗ್ಗ ಹಿಡಿದು ಅಳೆದು 1,089 ಚದರ ಅಡಿಯೆಂದು ತಾವೇ ಕಂಡುಕೊಂಡ ಮಕ್ಕಳಿಗೆ ವಿಸ್ತೀರ್ಣವನ್ನು ನಾನು ಮತ್ತೆ ಬಿಡಿಸಿ ಹೇಳಬೇಕಾಗಲಿಲ್ಲ.

ಅದಕ್ಕಿಂತ ಮುಖ್ಯವಾದುದು ಮಳೆಯ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ಕೊಠಡಿಯ ಚಾವಣಿಗೆ 10 ಮಿಲಿಮೀಟರ್ ಮಳೆಯಾದರೆ 600 ಲೀಟರ್ ಬೀಳುತ್ತದೆ. ಕೆಳಗಿಟ್ಟ ಡ್ರಮ್ಮಿಗೆ ಬಂದದ್ದನ್ನು ಅಳೆದು, ವ್ಯತ್ಯಾಸವನ್ನು ಶೇಕಡಾವಾರಿನಲ್ಲಿ, ಆ ದಿನದ ಮಳೆಯ ಅಳತೆಯ ಜೊತೆಗೆ ಒಂದು ಪುಸ್ತಕದಲ್ಲಿ ಬರೆಸಿ. ಉಳಿದದ್ದು ಎಲ್ಲಿ ಹೋಯಿತೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಪರಿಸರದ ಪಾಠ ಅಲ್ಲಿಂದಲೇ ಮೊದಲಾಗುತ್ತದೆ.

ಉತ್ತರ: ಕನ್ನಡ ಶಿಕ್ಷಕಿ, ಹೊಸದುರ್ಗ

ಆ ಮಳೆ ಲೆಕ್ಕದ ಪುಸ್ತಕವನ್ನು ನಮಗೂ ಕೊಡಿ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬಂಥ ಗಾದೆಗಳನ್ನು ಮಕ್ಕಳು ಅಜ್ಜ ಅಜ್ಜಿಯರಿಂದ ಬರೆದು ತರುತ್ತಾರೆ. ಯಾವ ನಕ್ಷತ್ರದಲ್ಲಿ ಎಷ್ಟು ಮಳೆಯಾಯಿತೆಂದು ಪುಸ್ತಕದಲ್ಲಿ ನೋಡಿ ಗಾದೆಯ ಪಕ್ಕದಲ್ಲಿ ಗುರುತಿಸುತ್ತಾರೆ. ಕೂರಿಗೆ, ಕುಂಟೆ, ಅಕ್ಕಡಿ ಸಾಲು ಎಂಬ ಬೇಸಾಯದ ಪದಗಳು ಈಗಿನ ಮಕ್ಕಳ ಬಾಯಲ್ಲಿ ಅಪರೂಪವಾಗುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಒಂದು ಸಾಲು ಶೇಂಗಾ ಬಿತ್ತಿಸಿ: ಹೂವು ನೆಲದ ಮೇಲೆ ಅರಳಿ, ಅದರ ತೊಟ್ಟು ಮಣ್ಣಿಗಿಳಿದು ಕಾಯಿಯಾಗುವುದನ್ನು ಕಣ್ಣಾರೆ ಕಂಡ ಮಗುವಿಗೆ ಪ್ರಬಂಧ ಬರೆಯಲು ವಿಷಯ ಹುಡುಕಿಕೊಡಬೇಕಾಗಿಲ್ಲ.

ಉತ್ತರ: ಸಮಾಜ ವಿಜ್ಞಾನ ಶಿಕ್ಷಕ, ಚಿತ್ರದುರ್ಗ

ನನ್ನದು ಒಂದೇ ಸಲಹೆ. ಡ್ರಮ್ಮು ತುಂಬಿ ಹೊರಚೆಲ್ಲುವ ನೀರನ್ನು ಒಂದು ಪಾತಿಯಿಂದ ಮುಂದಿನ ಪಾತಿಗೆ ಹರಿಸಿ, ಆಮೇಲೆ ಮಕ್ಕಳನ್ನು ಕೋಟೆಗೆ ಕರೆತನ್ನಿ. ಮೇಲಿನ ಹೊಂಡ ತುಂಬಿದ ನೀರು ಕೆಳಗಿನ ಹೊಂಡಕ್ಕಿಳಿಯುವ ಏರ್ಪಾಡನ್ನು ಅವರು ಆಗ ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಚಂದ್ರವಳ್ಳಿಯಲ್ಲಿರುವ ಕದಂಬರ ಮಯೂರಶರ್ಮನ ಶಾಸನ ಕೆರೆಯ ವಿಚಾರವನ್ನೇ ಹೇಳುತ್ತದೆಂಬುದನ್ನೂ ಅಲ್ಲೇ ತಿಳಿಸಬಹುದು.

ಪ್ರಶ್ನೆ ಕೇಳಿದವರು:

ಮೂವರಿಗೂ ಕೃತಜ್ಞತೆಗಳು. ಮಳೆ ಅಳೆಯುವ ಡಬ್ಬಿಯನ್ನು ಸೋಮವಾರವೇ ಚಾವಣಿಯ ಮೇಲೆ ಇಡುತ್ತೇವೆ. ಪುಸ್ತಕ ಗಣಿತದ ಮೇಷ್ಟ್ರ ಮೇಜಿನ ಮೇಲಿರಲಿ ಎಂದು ಅವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ.