ಸಹಾಯ ಬೇಕು: ಎಂಜಿನ್ ಆಯಿಲ್ ಬಿದ್ದ ಮಣ್ಣಿನ ಬ್ಯಾಕ್ಟೀರಿಯಾಗಳ ಬಗ್ಗೆ

ಬಳಸಿದ ಎಂಜಿನ್ ಆಯಿಲ್ ಸುರಿದು ಕಪ್ಪಾದ ಮಣ್ಣಿನಿಂದ, ಎಣ್ಣೆಯನ್ನೇ ಆಹಾರವಾಗಿಸಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸುವ ಪ್ರಯತ್ನದಲ್ಲಿದ್ದೇನೆ. ಇಂಗಾಲದ ಏಕೈಕ ಮೂಲವಾಗಿ ಅದೇ ಎಣ್ಣೆಯನ್ನು ಸೇರಿಸಿದ ಬುಷ್ನೆಲ್-ಹಾಸ್ ಅಗರ್ (ಖನಿಜ ಲವಣಗಳನ್ನಷ್ಟೇ ಸೇರಿಸಿದ, ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ಮೇಲೆ ಹಸಿರು ಛಾಯೆಯ, ಲೋಳೆಲೋಳೆಯಾದ ಕಾಲೊನಿಗಳು ಬೆಳೆದಿದ್ದು, ನೋಟಕ್ಕೆ ಬ್ಯಾಕ್ಟೀರಿಯಾ ಕುಲವೊಂದಾದ ಸ್ಯೂಡೋಮೊನಾಸ್‌ನಂತಿವೆ (ನೋಟವನ್ನೇ ನಂಬಿ ಹೆಸರಿಡುವುದು ಸರಿಯಲ್ಲವೆಂಬುದು ಗೊತ್ತಿದೆ). ಆದರೆ ಎಣ್ಣೆ ಹಾಕದ ಪ್ಲೇಟಿನಲ್ಲೂ ಸೂಜಿಮೊನೆಯಷ್ಟು ಸಣ್ಣ ಕಾಲೊನಿಗಳು ಕಾಣಿಸುತ್ತಿರುವುದರಿಂದ, ಇವು ನಿಜಕ್ಕೂ ಎಣ್ಣೆಯನ್ನು ವಿಘಟಿಸುತ್ತಿವೆಯೋ ಅಥವಾ ಅಗರ್‌ನಲ್ಲಿರುವ ಅಲ್ಪಸ್ವಲ್ಪ ಸಾವಯವ ಕಲ್ಮಶದ ಮೇಲೆ ಬದುಕುತ್ತಿವೆಯೋ ಎಂಬ ಸಂದೇಹ ಉಳಿದಿದೆ. ದ್ರವ ಮಾಧ್ಯಮದಲ್ಲಿ ಡಿಸಿಪಿಐಪಿ ಎಂಬ ಸೂಚಕದ (ಬ್ಯಾಕ್ಟೀರಿಯಾ ಎಣ್ಣೆಯನ್ನು ಉತ್ಕರ್ಷಿಸಿದಾಗ ಬಣ್ಣ ಕಳೆದುಕೊಳ್ಳುವಂಥದ್ದು) ನೀಲಿ ಬಣ್ಣ ಮಾಸುವುದನ್ನು ನೋಡಿದರೆ ಸಾಕೇ, ಇಲ್ಲವೇ ಬ್ಯಾಕ್ಟೀರಿಯಾ ಹಾಕದ ಫ್ಲಾಸ್ಕ್ ಒಂದನ್ನು ಜೊತೆಗಿಟ್ಟು, ಎರಡರಲ್ಲೂ ಉಳಿದ ಎಣ್ಣೆಯನ್ನು ದ್ರಾವಕವಾದ ಹೆಕ್ಸೇನ್‌ನಿಂದ ಹೊರತೆಗೆದು ತೂಗಲೇಬೇಕೇ? ಈ ಕೆಲಸ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.